ಮಾತನ್ನು ಮುಟ್ಟಿಸುವ ವಿದ್ಯೆ

ಚೆನ್ನೈ ನಗರದಲ್ಲಿ ರಾಜಾಜಿ ಸಾಲೈಯೂ ನೇತಾಜಿ ಸುಭಾಷಚಂದ್ರ ಬೋಸ್ ರಸ್ತೆಯೂ ಕೂಡುವ ಎಡೆಗೆ ಪ್ಯಾರೀಸ್ ಕಾರ್ನರ್ ಎಂದು ಹೆಸರು. 1788ರಲ್ಲಿ ಮದರಾಸಿನಲ್ಲಿ ವ್ಯಾಪಾರಕ್ಕೆ ತೊಡಗಿದ ಥಾಮಸ್ ಪ್ಯಾರಿ ಎಂಬ ವೇಲ್ಸ್ ದೇಶದ ವರ್ತಕನ ಹೆಸರು ಈ ಮೂಲೆಗೆ ಅಂಟಿಕೊಂಡು ಇಂದಿಗೂ ಉಳಿದಿದೆ. ಇದರ ಒಂದು ಕಡೆಗೆ ಬಂದರು. ಮತ್ತೊಂದು ಕಡೆಗೆ 1892ರಲ್ಲಿ ತೆರೆದ ಉಚ್ಚ ನ್ಯಾಯಾಲಯದ ಕೆಂಪು ಗೋಪುರಗಳು. ಹಿಂದುಗಡೆ ಜಾರ್ಜ್ ಟೌನಿನ ಇಕ್ಕಟ್ಟಾದ ಬೀದಿಗಳು. ತಮಿಳು, ತೆಲುಗು, ಗುಜರಾತಿ, ಮಾರವಾಡಿ, ಉರ್ದು, ಮಲೆಯಾಳ, ಹಿಂದಿ ಇಷ್ಟು ಭಾಷೆಗಳೂ ಒಂದು ಫರ್ಲಾಂಗಿನೊಳಗೆ ಕಿವಿಗೆ ಬೀಳುತ್ತವೆ. ಕನ್ನಡವೂ ಇಲ್ಲಿ ಹೊಸದಲ್ಲ. ಬಳ್ಳಾರಿಯು 1953ರವರೆಗೂ, ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲವೂ 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದ ಕಾರಣ, ಮೇಲ್ಮನವಿಯ ಕಾಗದದ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಂದ ಕನ್ನಡದ ಕಕ್ಷಿಗಾರರು ಈ ಮೂಲೆಯಲ್ಲಿ ನಿಂತು ವಕೀಲರ ಮನೆಯ ದಾರಿಯನ್ನು ಕೇಳಿದ್ದುಂಟು.

ಈ ಮೂಲೆಗೆ ಸಮೀಪದ ಒಂದು ಬ್ಯಾಂಕಿನಲ್ಲಿ ಪ್ರಕೃತ ಲೇಖಕನು ಹಲವು ವರ್ಷಗಳಿಂದ ಅಧಿಕಾರಿಯಾಗಿದ್ದಾನೆ. ಶಾಲೆಯ ಮಕ್ಕಳಿಗೆ ಮಾತಿನ ಶಿಕ್ಷಣ ಹೇಗಿರಬೇಕೆಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ನಾನು ಅಧ್ಯಾಪಕನಲ್ಲ. ಆದರೂ ಈ ವಿಷಯವು ಕೆಲವು ವರ್ಷಗಳ ಹಿಂದೆ ನನ್ನ ಮೇಜಿನ ಬಳಿಗೆ ತಾನಾಗಿಯೇ ನಡೆದು ಬಂದಿತು.

ಬಂದವರು ತಾಯಿ ಮತ್ತು ಮಗ. ತಾಯಿ ಬಳ್ಳಾರಿಯ ಕಡೆಯವರು. ತಂದೆ ಹತ್ತಿರದ ಒಂದು ಕಬ್ಬಿಣದ ಮಂಡಿಯಲ್ಲಿ ಲೆಕ್ಕ ಬರೆಯುವವರು. ಎರಡು ವರ್ಷಗಳ ಹಿಂದೆ ಇಟ್ಟಿದ್ದ ಎಂಬತ್ತು ಸಾವಿರ ರೂಪಾಯಿ ಠೇವಣಿಯನ್ನು ಮಗಳ ಕಾಲೇಜಿನ ಶುಲ್ಕಕ್ಕಾಗಿ ಹಿಂದಕ್ಕೆ ಪಡೆಯಲು ಬಂದಿದ್ದರು. ರಸೀದಿಯನ್ನು ನೋಡಿದೆ. ಅದು ಆದಾಯ ತೆರಿಗೆಯ ರಿಯಾಯತಿಗಾಗಿ ಇಡುವ ಐದು ವರ್ಷದ ಠೇವಣಿ. ಐದು ವರ್ಷ ತುಂಬುವವರೆಗೆ ಅದನ್ನು ಒಡೆಯಲು ಬರುವುದಿಲ್ಲ. ಅದರ ಆಧಾರದ ಮೇಲೆ ಸಾಲವನ್ನೂ ಕೊಡುವಂತಿಲ್ಲ. ಹಾಗೆಂದು ಹೇಳಿದೆ. ಆ ತಾಯಿ ನನ್ನನ್ನು ನೋಡದೆ ಮಗನನ್ನು ನೋಡಿದರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಠೇವಣಿ ಇಟ್ಟ ದಿನ ಕೌಂಟರಿನ ಗುಮಾಸ್ತರು ಮೂರು ಸಂಗತಿಗಳನ್ನು ತಮಿಳಿನಲ್ಲಿ ಹೇಳಿದ್ದರು, ಆಗ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗನು ಅದನ್ನು ತಾಯಿಗೆ ಕನ್ನಡದಲ್ಲಿ ತಿಳಿಸಿದ್ದನು. ಐದು ವರ್ಷವೆಂಬುದು ಸರಿಯಾಗಿ ಮುಟ್ಟಿತು; ಬಡ್ಡಿಯ ದರವೂ ಮುಟ್ಟಿತು. ಮೂರನೆಯದನ್ನು ಗುಮಾಸ್ತರು ಬ್ಯಾಂಕಿನವರ ರೂಢಿಯಂತೆ "ಲಾಕ್-ಇನ್" ಎಂಬ ಇಂಗ್ಲಿಷ್ ಮಾತಿನಿಂದಲೇ ಮುಗಿಸಿದ್ದರು. ಬೀಗ ಹಾಕಿ ಇಡುತ್ತಾರೆಂದು ಹುಡುಗ ಅರ್ಥ ಮಾಡಿಕೊಂಡನು. "ಹಣ ಭದ್ರವಾಗಿರುತ್ತದಂತೆ ಅಮ್ಮ" ಎಂದನು. ತಾಯಿಗೆ ಸಮಾಧಾನವಾಯಿತು, ಗುಮಾಸ್ತರು "ಪುರಿಂಜುದಾ?" ಎಂದು ಕೇಳಿದರು, ಹುಡುಗನು ತಲೆಯಾಡಿಸಿದನು. ಮನೆಯಲ್ಲಿ ತಂದೆಗೂ ಮಗ ಹೇಳಿದ್ದೇ ಆಧಾರವಾಯಿತು.

ಆ ಹೊತ್ತಿನಲ್ಲಿ ನಾನು ಹತ್ತು ಹೆಜ್ಜೆ ದೂರದಲ್ಲಿ ಕುಳಿತಿದ್ದೆ. ರಸೀದಿಯ ಕೆಳಗೆ ಇದ್ದದ್ದು ನನ್ನ ಸಹಿ. ಶುಲ್ಕಕ್ಕಾಗಿ ಅವರು ಬಳೆಗಳನ್ನು ಅಡವಿಟ್ಟರೆಂದು ಆಮೇಲೆ ಕೇಳಿದೆ. ಆ ದಿನ ಎದ್ದು ಹೋಗುವ ಮುನ್ನ ತಾಯಿ, ಮಗನನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ, "ಭಾಷಣದಾಗ ಇವನಿಗೇ ಸಾರ್ ಫಸ್ಟ್ ಪ್ರೈಜು, ಇಂಗ್ಲೀಷಿನಾಗ" ಎಂದರು. ಹುಡುಗ ನೆಲವನ್ನು ನೋಡುತ್ತಿದ್ದನು.

ಈ ಕೊನೆಯ ಮಾತೇ ನನ್ನನ್ನು ಯೋಚನೆಗೆ ಹಚ್ಚಿದ್ದು. ಶಾಲೆಯು ಅವನಿಗೆ ಮಾತನಾಡುವುದನ್ನು ಕಲಿಸಿತ್ತು, ಅದರಲ್ಲಿ ಸಂದೇಹವಿಲ್ಲ. ಐದು ನಿಮಿಷ ಎಡೆಬಿಡದೆ, ಕೈಯನ್ನು ಹದವಾಗಿ ಆಡಿಸುತ್ತ, ಸಭೆಯನ್ನು ಎದುರಿಸಬಲ್ಲ ಹುಡುಗ ಅವನು. ಆದರೆ ಒಬ್ಬರು ಹೇಳಿದ ಮೂರು ಸಂಗತಿಗಳನ್ನು ಮೂರಾಗಿಯೇ ಮತ್ತೊಬ್ಬರಿಗೆ ಮುಟ್ಟಿಸುವುದು, ತಿಳಿಯದ ಒಂದು ಮಾತಿನ ಮುಂದೆ ನಿಂತು "ಹಾಗೆಂದರೇನು?" ಎಂದು ಕೇಳುವುದು ಅವನ ಅಭ್ಯಾಸದಲ್ಲಿ ಇರಲಿಲ್ಲ. ಯಾರೂ ಅದನ್ನು ಅವನಿಗೆ ಒಂದು ವಿದ್ಯೆಯೆಂದು ತೋರಿಸಿಕೊಟ್ಟಿರಲಿಲ್ಲ.

ಇದಕ್ಕೆ ಈಗ ಸಂವಹನ ಕೌಶಲವೆಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ಕೆಟ್ಟದ್ದಲ್ಲ. "ವಹ್" ಎಂಬ ಧಾತುವಿಗೆ ಹೊರುವುದು, ಒಯ್ಯುವುದು ಎಂದು ಅರ್ಥ. ಆದಕಾರಣ ಇದು ಸಾಮಾನು ಸಾಗಿಸುವವರ ಮಾತು; ಪ್ಯಾರೀಸ್ ಕಾರ್ನರಿಗೆ ಹೇಳಿ ಮಾಡಿಸಿದ್ದು. ಬಂದರಿನಿಂದ ಹೊರಟ ಮೂಟೆಯನ್ನು ಮಂಡಿಯವನು ಎಣಿಸಿ, ತೂಗಿ, ಆಮೇಲೆ ಚೀಟಿಗೆ ಸಹಿ ಹಾಕುತ್ತಾನೆ. ಹೊರಟದ್ದು ಎಷ್ಟೆಂಬುದರಿಂದ ವ್ಯಾಪಾರ ಮುಗಿಯುವುದಿಲ್ಲ. ತಲುಪಿದ್ದು ಎಷ್ಟೆಂದು ತಿಳಿಯಬೇಕು. ಮಾತಿನ ವಿಷಯದಲ್ಲಿ ಮಾತ್ರ ನಾವು ಹೊರಟದ್ದನ್ನೇ ತಲುಪಿತೆಂದು ಎಣಿಸಿ ಸಹಿ ಹಾಕುತ್ತೇವೆ.

ಮಾತನ್ನು ಕುರಿತ ಕನ್ನಡದ ಲೇಖನಗಳು ಸಾಮಾನ್ಯವಾಗಿ ಬಸವಣ್ಣನವರ ಒಂದು ವಚನದಿಂದ ಮೊದಲಾಗುತ್ತವೆ. ಅದು ವಾಚಕರಿಗೆಲ್ಲ ಬಾಯಿಪಾಠವಾಗಿರುವುದರಿಂದ ನಾನು ಅದಕ್ಕೂ ಹಿಂದಿನ ಒಂದು ಕಡೆಗೆ ಹೋಗುತ್ತೇನೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಜನರನ್ನು ಹೊಗಳುವ ಪ್ರಸಿದ್ಧವಾದ ಪದ್ಯ ಒಂದಿದೆ. ಹದವರಿತು ನುಡಿಯಬಲ್ಲರೆಂಬ ಅದರ ಮೊದಲ ಭಾಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಎರಡನೆಯ ಭಾಗವನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ: ನುಡಿದುದನ್ನು ಅರಿತು ವಿಚಾರಿಸಲೂ ಆ ಜನ ಸಮರ್ಥರು ಎಂದು ಗ್ರಂಥಕಾರನು ಹೇಳುತ್ತಾನೆ. ಎಂದರೆ ಸಾವಿರದ ನೂರು ವರ್ಷಗಳ ಹಿಂದೆಯೇ ಮಾತಿನ ಜಾಣ್ಮೆಯೆಂಬುದನ್ನು ಆಡುವವನಿಗೆ ಅರ್ಧ, ಕೇಳುವವನಿಗೆ ಅರ್ಧ ಎಂದು ಹಂಚಿಟ್ಟಿದ್ದಾರೆ. 1930ರಲ್ಲಿ ಮದರಾಸು ವಿಶ್ವವಿದ್ಯಾನಿಲಯವೇ ಈ ಗ್ರಂಥದ ಒಂದು ಆವೃತ್ತಿಯನ್ನು ಪ್ರಕಟಿಸಿತು. ನಮ್ಮ ಶಾಲೆಗಳು ಆ ಹೊಗಳಿಕೆಯಲ್ಲಿ ಮೊದಲರ್ಧವನ್ನು ಮಾತ್ರ ಪಾಠಕ್ಕೆ ಇಟ್ಟುಕೊಂಡಂತೆ ಕಾಣುತ್ತದೆ.

ಇನ್ನು ಆ ಹುಡುಗನು ಮಾಡಿದ ಕೆಲಸವಾದರೂ ಯಾವುದು? ಅದು ದೂತನ ಕೆಲಸ. ಕೌಟಿಲ್ಯನ ಅರ್ಥಶಾಸ್ತ್ರವು ದೂತರಲ್ಲಿ ಮೂರು ಬಗೆಯನ್ನು ಹೇಳುತ್ತದೆ. ಸಂಪೂರ್ಣ ಅಧಿಕಾರವನ್ನು ಪಡೆದು ಹೋಗಿ, ಸಂದರ್ಭವನ್ನು ನೋಡಿ ತಾನೇ ಮಾತನ್ನು ನಿಶ್ಚಯಿಸತಕ್ಕವನು ನಿಸೃಷ್ಟಾರ್ಥ. ಒಂದು ಗೊತ್ತಾದ ಕಾರ್ಯದ ಮಟ್ಟಿಗೆ ಅಧಿಕಾರವುಳ್ಳವನು ಪರಿಮಿತಾರ್ಥ. ಕೊಟ್ಟ ಸಂದೇಶವನ್ನು ಕೊಟ್ಟಂತೆಯೇ ಒಯ್ಯತಕ್ಕವನು ಶಾಸನಹರ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪಡಿತರದ ಕಚೇರಿಯಲ್ಲಿ ತಂದೆತಾಯಿಗಳಿಗೆ ದುಭಾಷಿಯಾಗಿ ನಿಲ್ಲುವ ಮಗು ಶಾಸನಹರ. ಆದರೆ ಅದು ತಿಳಿಯದೆ ನಿಸೃಷ್ಟಾರ್ಥನ ಅಧಿಕಾರವನ್ನು ಚಲಾಯಿಸಿಬಿಡುತ್ತದೆ. ಇದು ಮುಖ್ಯ, ಇದು ಬೇಡ, ಇದು ಅಮ್ಮನಿಗೆ ತಿಳಿಯುವುದಿಲ್ಲ ಎಂದು ತಾನೇ ನಿರ್ಣಯಿಸುತ್ತದೆ. ಊರು ಬಿಟ್ಟು ಬಂದ ಸಂಸಾರಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ದಿನವೂ ಈ ದೌತ್ಯವನ್ನು ಮಾಡುತ್ತಿದ್ದಾರೆ. ಅವರ ಭಾಷಾಶಕ್ತಿಯನ್ನು ಅಳೆಯಲು ಇದಕ್ಕಿಂತ ಕಠಿನವಾದ ಪರೀಕ್ಷೆಯಿಲ್ಲ. ಆದರೆ ಇದು ಯಾವ ಅಂಕಪಟ್ಟಿಯಲ್ಲಿಯೂ ಸೇರುವುದಿಲ್ಲ.

ಭಾಷಣಕಲೆಯನ್ನು ನಾನು ಹಳಿಯುತ್ತಿಲ್ಲ. ಈ ಮೂಲೆಯ ಸುತ್ತಲೇ ಅದಕ್ಕೊಂದು ಗೌರವದ ಚರಿತ್ರೆಯಿದೆ. ಪ್ಯಾರೀಸ್ ಕಾರ್ನರಿನಿಂದ ಕೆಲವೇ ನಿಮಿಷದ ನಡಿಗೆಯಲ್ಲಿರುವ ಅರ್ಮೇನಿಯನ್ ಬೀದಿಯಲ್ಲಿ ಗೋಖಲೆ ಹಾಲ್ ಇದೆ. 1914ರಲ್ಲಿ ಆನಿ ಬೆಸೆಂಟರು ತರುಣರಿಗಾಗಿ ಸ್ಥಾಪಿಸಿದ ಸಂಘಕ್ಕೆ ಸೇರಿದ ಸಭಾಂಗಣವದು. ಮರುವರ್ಷ ಅವರು 'ಮದರಾಸು ಪಾರ್ಲಿಮೆಂಟ್' ಎಂಬ ಚರ್ಚಾಕೂಟವೊಂದನ್ನೂ ನಡೆಸಿದರು. ನಿಜವಾದ ಶಾಸನಸಭೆಯಲ್ಲಿ ನಮ್ಮವರಿಗೆ ಹೆಚ್ಚಿನ ಸ್ಥಾನವಿಲ್ಲದಿದ್ದ ಕಾಲದಲ್ಲಿ, ಕಲ್ಪಿತ ಪಾರ್ಲಿಮೆಂಟೊಂದನ್ನು ಕೂಡಿಸಿ, ಕಡ್ಡಾಯ ಶಿಕ್ಷಣದಂಥ ವಿಷಯಗಳ ಮೇಲೆ ಮಸೂದೆ ಮಂಡಿಸಿ ಚರ್ಚಿಸುವ ಅಭ್ಯಾಸ ಅದು. ಅಲ್ಲಿ ಮಾತಿಗೆ ಪ್ರತಿಮಾತು ಇತ್ತೆಂಬುದನ್ನು ಗಮನಿಸಬೇಕು. ಎದುರು ಪಕ್ಷದವನು ಹೇಳಿದ್ದನ್ನು ಕೇಳದವನಿಗೆ ಅಲ್ಲಿ ಕೆಲಸವಿರಲಿಲ್ಲ. ಕನ್ನಡದ ಮಟ್ಟಿಗೆ, ವಿದ್ಯಾವಂತರು ಸಭೆಯಲ್ಲಿ ಇಂಗ್ಲಿಷಿನಲ್ಲಿಯೇ ಮಾತನಾಡುವುದು ಮರ್ಯಾದೆಯೆಂದು ಎಣಿಸಿದ್ದಾಗ, ಮದರಾಸು ವಿಶ್ವವಿದ್ಯಾನಿಲಯದ ಪದವೀಧರರಾದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ಮಾಡಿದ್ದು ಎಷ್ಟು ದೊಡ್ಡ ಸಂಗತಿಯೆಂಬುದು ನಮಗೆಲ್ಲ ತಿಳಿದಿದೆ.

ಆದರೆ ಇಂದಿನ ಶಾಲೆಯ ಭಾಷಣಸ್ಪರ್ಧೆ ಈ ವಂಶಕ್ಕೆ ಸೇರಿದ್ದಲ್ಲ. ಬರೆದುಕೊಟ್ಟವರು ಅಧ್ಯಾಪಕರು ಅಥವಾ ತಂದೆ, ಉರುಹೊಡೆದವನು ಹುಡುಗ, ಕೇಳುವವರಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ. ಗಂಟೆ ಬಾರಿಸುವುದರೊಳಗೆ ಮುಗಿದರೆ ಸಾಕು. ಇದು ಕಂಠಪಾಠದ ಪರೀಕ್ಷೆ. ಧೈರ್ಯದ ಪರೀಕ್ಷೆಯೂ ಹೌದೆಂದು ಒಪ್ಪೋಣ. ಅದಕ್ಕಿಂತ ಹೆಚ್ಚಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಇದೇ ಮದರಾಸಿನಲ್ಲಿ 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಸ್ಥಾಪಿತವಾಯಿತು. ಕಂಪೆನಿಯ ತರುಣ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿತು ಪರೀಕ್ಷೆ ಕೊಡಬೇಕಾಗಿದ್ದಿತು. ಜಾನ್ ಮೆಕೆರೆಲ್ ಎಂಬ ಅಧಿಕಾರಿ ಬರೆದ ಕನ್ನಡ ವ್ಯಾಕರಣವು 1820ರಲ್ಲಿ ಆ ಕಾಲೇಜಿನ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಅವರಿಗೆ ಸಾಹಿತ್ಯರಸಾಸ್ವಾದವೇನೂ ಮುಖ್ಯವಾಗಿರಲಿಲ್ಲ. ರೈತನ ಅರ್ಜಿಯನ್ನು ತಪ್ಪಿಲ್ಲದೆ ಕೇಳಿಸಿಕೊಳ್ಳುವುದು, ಕಂದಾಯದ ಮಾತನ್ನು ತಪ್ಪಿಲ್ಲದೆ ಹೇಳುವುದು ಬೇಕಾಗಿದ್ದಿತು. ಆಳುವುದಕ್ಕಾಗಿ ಬಂದವರು ಕೇಳುವುದನ್ನೂ ಕಲಿತರು. ನಮ್ಮ ಮಕ್ಕಳಿಗೆ, ಬಾಳುವುದಕ್ಕಾಗಿ, ಅಷ್ಟನ್ನಾದರೂ ಕಲಿಸಬೇಡವೆ?

ಕಲಿಸುವ ಬಗೆ ಯಾವುದು? ಕನ್ನಡಿಗರ ಕೈಯಲ್ಲಿ ಅದು ಸಿದ್ಧವಾಗಿಯೇ ಇದೆಯೆಂದು ನನ್ನ ಅಭಿಪ್ರಾಯ. ಕರಾವಳಿಯ ಜಿಲ್ಲೆಗಳಲ್ಲಿಯೂ ಕಾಸರಗೋಡಿನಲ್ಲಿಯೂ ಮಳೆಗಾಲದ ರಾತ್ರಿಗಳಲ್ಲಿ ನಡೆಯುವ ತಾಳಮದ್ದಳೆಯನ್ನು ಕೇಳಿದವರು ಇದನ್ನು ಕೂಡಲೆ ಒಪ್ಪುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಮಾತು. ಭಾಗವತರು ಪ್ರಸಂಗದ ಪದ್ಯವೊಂದನ್ನು ಹಾಡುತ್ತಾರೆ. ಅರ್ಥಧಾರಿಯು ಅದರ ಅರ್ಥವನ್ನು ತನ್ನ ಪಾತ್ರದ ಮಾತಾಗಿ ಬೆಳೆಸುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರು ಕುಳಿತ ಅರ್ಥಧಾರಿ ಯಾವ ಪ್ರಶ್ನೆಯನ್ನು ಎಸೆಯುವನೆಂದು ಮುಂಚಿತವಾಗಿ ತಿಳಿಯದು. ಹೀಗಿರುವುದರಿಂದ ಒಳ್ಳೆಯ ಅರ್ಥಧಾರಿಯ ಮೊದಲ ಲಕ್ಷಣ ಕಿವಿ. ಪದ್ಯವನ್ನು ಕೇಳಬೇಕು, ಎದುರಾಳಿಯ ವಾದವನ್ನು ಕೇಳಬೇಕು; ಅವನು ಕೊನೆಗೆ ನಿಲ್ಲಿಸಿದ ಮಾತನ್ನು ಹಿಡಿದುಕೊಂಡೇ ತನ್ನ ಮಾತನ್ನು ಎತ್ತಬೇಕು. ಇಂಗ್ಲಿಷ್ ಪದವೊಂದು ಬಾಯಿಂದ ಜಾರಿದರೆ ಸಭೆ ನಗುತ್ತದೆ. ಪದ್ಯದ ಎಲ್ಲೆಯನ್ನು ಮೀರಿದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿಬಿಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಕುಳಿತಾಗ ಎದುರಿನವರು ಎಷ್ಟು ಎಚ್ಚರದಿಂದ ಇರಬೇಕಾಗಿತ್ತೆಂಬುದನ್ನು ಹಿರಿಯರು ಇಂದಿಗೂ ವರ್ಣಿಸುತ್ತಾರೆ. ಅಕ್ಷರ ಬಾರದ ಪ್ರೇಕ್ಷಕನೂ ಅಲ್ಲಿ ವಾದವನ್ನು ತೂಗುತ್ತಾನೆ; 'ಕವಿರಾಜಮಾರ್ಗ' ಹೇಳಿದ ಎರಡನೆಯ ಅರ್ಧವನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು.

ಇದನ್ನು ತರಗತಿಗೆ ತರುವುದು ಕಷ್ಟವಲ್ಲ. ಅಂಗದ ಸಂಧಾನವನ್ನು ತೆಗೆದುಕೊಳ್ಳಿರಿ. ಒಬ್ಬ ಹುಡುಗ ಅಂಗದ, ಒಬ್ಬ ರಾವಣ. ನಿಯಮ ಒಂದೇ: ಉತ್ತರ ಕೊಡುವ ಮುನ್ನ ಎದುರಿನವನು ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು, "ಹೌದು, ನಾನು ಹೇಳಿದ್ದು ಅದೇ" ಎಂದು ಎದುರಿನವನು ಒಪ್ಪಿದ ಮೇಲೆಯೇ ತನ್ನ ವಾದಕ್ಕೆ ತೊಡಗಬೇಕು. ನಮ್ಮ ಸಂಘದ ಮಕ್ಕಳಲ್ಲಿ ಇದನ್ನು ಒಂದೆರಡು ಭಾನುವಾರ ಮಾಡಿ ನೋಡಿದೆ. ಮೊದಲ ದಿನ ಹತ್ತು ನಿಮಿಷದಲ್ಲಿ ರಾವಣ ಒಮ್ಮೆಯೂ ಒಪ್ಪಲಿಲ್ಲ. "ನಾನು ಹೇಳಿದ್ದು ಅದಲ್ಲ" ಎಂಬ ಮಾತೇ ಹತ್ತು ಸಲ ಬಂದಿತು. ಮಕ್ಕಳಿಗೆ ನಗು, ಆದರೆ ಅಂಗದನ ಮುಖದಲ್ಲಿ ಬೆವರು. ವಾದ ಮಾಡುವುದಕ್ಕಿಂತ ಕೇಳಿಸಿಕೊಳ್ಳುವುದು ಹೆಚ್ಚಿನ ಶ್ರಮದ ಕೆಲಸವೆಂದು ಆ ದಿನ ಅವರಿಗೆ ನಾನು ಬೇರೆ ಹೇಳಬೇಕಾಗಲಿಲ್ಲ.

ಉಚ್ಚಾರಣೆಯ ವಿಷಯಕ್ಕೆ ಬರೋಣ. ಪಾಣಿನೀಯ ಶಿಕ್ಷೆಯೆಂಬ ಚಿಕ್ಕ ಗ್ರಂಥವು ಅಧಮರಾದ ಓದುಗರನ್ನು ಆರು ವಿಧವಾಗಿ ಎಣಿಸಿದೆ: ರಾಗವಾಗಿ ಎಳೆಯುವವನು, ಅವಸರದಿಂದ ಓಡಿಸುವವನು, ತಲೆಯನ್ನು ಅಲ್ಲಾಡಿಸುವವನು, ಬರೆದುದನ್ನು ನೋಡಿಕೊಂಡೇ ಒಪ್ಪಿಸುವವನು, ಅರ್ಥವನ್ನರಿಯದವನು, ದನಿ ಏಳದವನು. ಯಾವ ಶಾಲೆಯ ಏಳನೆಯ ತರಗತಿಗೆ ಹೋದರೂ ಈ ಆರು ಮಂದಿಯೂ ಒಂದೇ ಬೆಂಚಿನಲ್ಲಿ ಸಿಕ್ಕುತ್ತಾರೆ. ಇದಕ್ಕೆ ಪ್ರತಿಯಾಗಿ ಗುಣಗಳೂ ಹೇಳಲ್ಪಟ್ಟಿವೆ: ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಬಿಡಿಸಿ ಹೇಳುವುದು, ಒಳ್ಳೆಯ ಸ್ವರ, ಧೈರ್ಯ, ಲಯ. ವಾಲ್ಮೀಕಿಯು ಇವನ್ನೆಲ್ಲ ಒಬ್ಬನಲ್ಲಿಯೇ ತೋರಿಸಿದ್ದಾನೆ. ಕಿಷ್ಕಿಂಧಾಕಾಂಡದಲ್ಲಿ ಹನುಮಂತನು ಸುಗ್ರೀವನ ದೂತನಾಗಿ ಬಂದು ಮಾತನಾಡಿದ ಮೇಲೆ ರಾಮನು ಲಕ್ಷ್ಮಣನಿಗೆ ಹೇಳುವುದನ್ನು ನೋಡಬೇಕು. ಇಷ್ಟು ಮಾತನಾಡಿದರೂ ಒಂದು ಅಪಶಬ್ದವಿಲ್ಲ. ಮುಖದಲ್ಲಾಗಲಿ ಕಣ್ಣು ಹುಬ್ಬುಗಳಲ್ಲಾಗಲಿ ವಿಕಾರವಿಲ್ಲ. ಮಾತು ಉದ್ದವಾಗಲಿಲ್ಲ, ಸಂದೇಹಕ್ಕೆ ಎಡೆಯಾಗಲಿಲ್ಲ, ಎಳೆಯಲಿಲ್ಲ, ಓಡಲಿಲ್ಲ. ಸ್ವರ ಮಧ್ಯಮವಾಗಿದ್ದಿತು ಎಂದು ಅವನ ಮೆಚ್ಚುಗೆ. ಹನುಮಂತನ ಬಲವನ್ನು ರಾಮ ಕಾಣುವುದು ಆಮೇಲೆ. ಮೊದಲು ಕಂಡದ್ದು ಮಾತನ್ನು. ಇಲ್ಲಿಯೂ ಹೊಗಳಿಸಿಕೊಂಡವನು ಭಾಷಣಕಾರನಲ್ಲ, ದೂತನೇ ಎಂಬುದನ್ನು ವಾಚಕರು ಗಮನಿಸಬೇಕು.

ಚೆನ್ನೈಯ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. 2006ರ ಕಾಯಿದೆಯ ಮೇಲೆ ತಮಿಳು ಶಾಲೆಗಳಲ್ಲಿ ಹಂತಹಂತವಾಗಿ ಕಡ್ಡಾಯ ವಿಷಯವಾಯಿತು. ನೆಲದ ಭಾಷೆಯನ್ನು ಕಲಿಯುವುದು ನ್ಯಾಯವೇ. ಆದರೆ ಅನೇಕ ಮನೆಗಳಲ್ಲಿ ಕನ್ನಡವು ಅಕ್ಷರವಿಲ್ಲದೆ ಕಿವಿಯಲ್ಲಿ ಮಾತ್ರ ಉಳಿದಿದೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ, ಪಕಾರ ಬಕಾರಗಳಿಗೆ ಒಂದೇ ಅಕ್ಷರವಾದುದರಿಂದ, ಬರೆಹದ ಬೆಂಬಲವಿಲ್ಲದ ಮಗು ಇವನ್ನು ಸಡಿಲವಾಗಿ ಬಳಸುತ್ತದೆ. ಹಕಾರವಂತೂ ನಮ್ಮ ಹಳ್ಳಿಗಳಲ್ಲಿಯೇ ಬಿದ್ದುಹೋಗುತ್ತದೆ. ಅಕ್ಕಿಯೂ ಹಕ್ಕಿಯೂ ಒಂದಾಗುತ್ತವೆ. ಇದನ್ನು ಅಪಹಾಸ್ಯ ಮಾಡತಕ್ಕದ್ದಲ್ಲ. ಅರ್ಥ ಕೆಡುವ ಕಡೆ ಮಾತ್ರ ತಿದ್ದಿದರೆ ಸಾಕು. ಇದಕ್ಕಿಂತ ಅಪಾಯವಾದದ್ದು ಹೋಲಿಕೆಯಿಂದ ಮೋಸಗೊಳಿಸುವ ಶಬ್ದಗಳು. ತಮಿಳಿನ "ತೊಣ್ಣೂರು" ಎಂದರೆ ತೊಂಬತ್ತು. ಕೊನೆಯಲ್ಲಿ "ನೂರು" ಕೇಳಿಸಿದ್ದರಿಂದ ಕನ್ನಡದ ಕಿವಿ ಅದನ್ನು ನೂರರ ಲೆಕ್ಕಕ್ಕೆ ಏರಿಸುತ್ತದೆ. ತಮಿಳಿನಲ್ಲಿ "ಅವಕಾಶಂ" ಕೇಳುವವನಿಗೆ ಬೇಕಾದದ್ದು ಕಾಲಾವಧಿ, ವಾಯಿದೆ; ಕನ್ನಡದಲ್ಲಿ ಅವಕಾಶವೆಂದರೆ ಅನುಕೂಲ, ಸಂದರ್ಭ. ಇಂಥ ಶಬ್ದಗಳ ಪಟ್ಟಿಯೊಂದನ್ನು ಮಕ್ಕಳಿಂದಲೇ ಮಾಡಿಸಿದರೆ ಅದು ಒಳ್ಳೆಯ ಸಂಶೋಧನೆಯೂ ಆದೀತು. ನಮ್ಮ ಸಂಘದವರು ಇದನ್ನು ಕೈಕೊಳ್ಳಬಾರದೇಕೆ?

ಸಂಖ್ಯೆಯ ಮಾತು ಬಂದದ್ದರಿಂದ ನನ್ನ ವೃತ್ತಿಯ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಶಾಹುಕಾರಪೇಟೆಯ ವರ್ತಕರ ಹಳೆಯ ಹುಂಡಿಗಳಲ್ಲಿ ಮೊತ್ತವನ್ನು ಒಂದು ಸಲ ಬರೆದು ಬಿಡುವ ಪದ್ಧತಿಯಿಲ್ಲ. ಸಾವಿರ ರೂಪಾಯಿ ಎಂದು ಬರೆದು, ಅದರ ಅರ್ಧ ಐನೂರು, ಆ ಐನೂರರ ಇಮ್ಮಡಿ ಎಂದು ಮತ್ತೆ ಬರೆಯುತ್ತಾರೆ. ದೂರದ ಊರಿನಲ್ಲಿ ಓದುವವನು ತಪ್ಪಬಾರದೆಂಬ ಎಚ್ಚರಿಕೆ ಅದು. ನಮ್ಮ ಚೆಕ್ಕಿನಲ್ಲಿಯೂ ಮೊತ್ತವನ್ನು ಅಂಕಿಯಲ್ಲೊಮ್ಮೆ ಅಕ್ಷರದಲ್ಲೊಮ್ಮೆ ಬರೆಯುತ್ತೇವೆ. ಎರಡೂ ಬೇರೆಯಾದರೆ 1881ರ ಕಾಯಿದೆಯ 18ನೆಯ ಪ್ರಕರಣದಂತೆ ಅಕ್ಷರದಲ್ಲಿ ಬರೆದದ್ದೇ ಪ್ರಮಾಣ. ಒಂದೇ ಸಂಗತಿಯನ್ನು ಎರಡು ಬಗೆಯಾಗಿ ಹೇಳುವುದನ್ನು ಸಾಹಿತ್ಯದಲ್ಲಿ ಪುನರುಕ್ತಿದೋಷವೆನ್ನುತ್ತಾರೆ. ವ್ಯವಹಾರದಲ್ಲಿ ಅದೇ ಗುಣ. "ಹಣವನ್ನು ಐದು ವರ್ಷ ಮುಟ್ಟುವಂತಿಲ್ಲ, ಅಂದರೆ ಮಗಳ ಕಾಲೇಜಿಗೆ ಬೇಕೆಂದರೂ ಬರುವುದಿಲ್ಲ" ಎಂದು ಎರಡನೆಯ ಬಗೆಯಲ್ಲೊಮ್ಮೆ ಹೇಳಿದ್ದರೆ ಆ ತಾಯಿಯ ಬಳೆಗಳು ಮನೆಯಲ್ಲಿಯೇ ಇರುತ್ತಿದ್ದವು. ಹೇಳಬೇಕಾದವರು ನಾವು. ಹುಡುಗನಲ್ಲಿ ತಪ್ಪು ಹುಡುಕುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿಲ್ಲವೆಂದು ಸ್ಪಷ್ಟಪಡಿಸುತ್ತೇನೆ.

ಆದರೂ ಅವನು ಕೇಳಲಿಲ್ಲವೇಕೆ? ಕೇಳಿದರೆ ದಡ್ಡನೆಂದು ತಿಳಿಯುತ್ತಾರೆಂಬ ಅಂಜಿಕೆ. ತಿರುಕ್ಕುರಳಿನಲ್ಲಿ ಮಾತಿಗೆ ಸಂಬಂಧಿಸಿದ ಅಧಿಕಾರಗಳು ಹಲವು. ಅವುಗಳಲ್ಲಿ 72ನೆಯದು ಸಭೆಯನ್ನು ಅರಿಯುವುದು, 73ನೆಯದು ಸಭೆಗೆ ಅಂಜದಿರುವುದು. ಈ ಕ್ರಮವನ್ನು ಮೆಚ್ಚಬೇಕು: ಮೊದಲು ಅರಿಯುವುದು, ಆಮೇಲೆ ಅಂಜದಿರುವುದು. ವೇದಿಕೆಯ ಮೇಲೆ ಅಂಜದ ಹುಡುಗ ಕೌಂಟರಿನ ಮುಂದೆ ಅಂಜಿದನು. ಏಕೆಂದರೆ ವೇದಿಕೆಯ ಮೇಲೆ ಅವನಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಕಡೆ ನಿಂತು ಬಾಯಿ ತೆರೆಯುವುದು ಬೇರೊಂದು ಧೈರ್ಯ. ತರಗತಿಯಲ್ಲಿ ಪ್ರಶ್ನೆ ಕೇಳಿದ ಮಗುವನ್ನು ನೋಡಿ ಅಧ್ಯಾಪಕರು ಒಮ್ಮೆ ನಕ್ಕರೆ ಆ ಧೈರ್ಯ ಹತ್ತು ವರ್ಷಕ್ಕೆ ಹೋಗುತ್ತದೆ. "ತಿಳಿಯಿತೆ?" ಎಂಬ ಪ್ರಶ್ನೆಯೂ ಪ್ರಯೋಜನವಿಲ್ಲದ್ದು. ಅದಕ್ಕೆ ತಲೆಯಾಡಿಸುವುದಲ್ಲದೆ ಬೇರೆ ಉತ್ತರವನ್ನು ಯಾರೂ ಕಲಿತಿಲ್ಲ. "ನಾನು ಏನು ಹೇಳಿದೆ, ನೀನು ಹೇಳು" ಎಂದು ಕೇಳಬೇಕು.

ಇದಕ್ಕೆ ಪುಸ್ತಕ ಬೇಡ, ಖರ್ಚಿಲ್ಲ. ಮಕ್ಕಳನ್ನು ಒಂದು ದಿನ ಪ್ಯಾರೀಸ್ ಕಾರ್ನರಿಗೆ ಕರೆತನ್ನಿರಿ. ಬೀಚ್ ರೈಲ್ವೆ ನಿಲ್ದಾಣದಿಂದ ಉಚ್ಚ ನ್ಯಾಯಾಲಯದ ಬಾಗಿಲಿಗೆ ದಾರಿ ಹೇಗೆಂದು ಒಬ್ಬನು ಬಾಯಲ್ಲಿ ಹೇಳಲಿ, ಮತ್ತೊಬ್ಬನು ಅವನ ಮಾತಿನಂತೆಯೇ ನಡೆಯಲಿ; "ಆ ಕಡೆ", "ಅಲ್ಲಿ ತಿರುಗಿ" ಎಂಬ ಮಾತುಗಳು ಎಷ್ಟು ಬರಿದೆಂಬುದು ಮೊದಲ ತಿರುವಿನಲ್ಲಿಯೇ ಗೊತ್ತಾಗುತ್ತದೆ. ಅಂಗಡಿಯವನಿಂದ ತಮಿಳಿನಲ್ಲಿ ಮೂರು ಬೆಲೆಗಳನ್ನು ಕೇಳಿಕೊಂಡು ಬಂದು ಕನ್ನಡದಲ್ಲಿ ಹೇಳಲಿ. ಬ್ಯಾಂಕಿನ ನಮೂನೆಯೊಂದನ್ನು ಮನೆಗೆ ಒಯ್ದು ಅಜ್ಜಿಗೆ ವಿವರಿಸಲಿ. ಅಜ್ಜಿ ಹೇಳಿದ್ದನ್ನು ಬರೆದುಕೊಂಡು ಬರಲಿ. ಅಂಕವನ್ನು ಮಗುವಿನ ಮಾತಿಗೆ ಕೊಡಬೇಡಿ, ಅಜ್ಜಿಗೆ ತಿಳಿದದ್ದಕ್ಕೆ ಕೊಡಿ. ತಿಳಿಯದ ಶಬ್ದ ಬಂದಾಗ ಮಗುವು ಮೂರು ಮಾತುಗಳಲ್ಲಿ ಒಂದನ್ನು ಆಡಲು ಅಭ್ಯಾಸ ಮಾಡಲಿ: ಇನ್ನೊಮ್ಮೆ ಹೇಳಿ, ಹಾಗೆಂದರೇನು, ನಾನು ತಿಳಿದದ್ದು ಹೀಗೆ, ಸರಿಯೇ? ಮೂರೂ ವಿನಯದ ಮಾತುಗಳೇ, ಒಂದರಲ್ಲಿಯೂ ಅವಮಾನವಿಲ್ಲ.

ನಮ್ಮ ಕೌಂಟರಿನಲ್ಲಿಯೂ ಆಮೇಲೆ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆವು. ನಿಬಂಧನೆಯುಳ್ಳ ಠೇವಣಿಯಾದರೆ ಗಿರಾಕಿಯೇ ಅದನ್ನು ತಿರುಗಿ ಹೇಳಿದ ಮೇಲೆ ರಸೀದಿ ಕೊಡುವುದೆಂದು ಗೊತ್ತುಮಾಡಿದೆವು. ಸಾಲು ಉದ್ದವಾಗುತ್ತದೆಂದು ಕೆಲವರು ಗೊಣಗುತ್ತಾರೆ.

ಮೊನ್ನೆ ಸುಮಾರು ಹದಿಮೂರು ವರ್ಷದ ಹುಡುಗಿಯೊಬ್ಬಳು ತಾತನನ್ನು ಕರೆದುಕೊಂಡು ಬಂದಿದ್ದಳು. ಗುಮಾಸ್ತರು ತಮಿಳಿನಲ್ಲಿ ಹೇಳುತ್ತಿದ್ದುದನ್ನು ಬೆರಳು ಮಡಿಸಿ ಎಣಿಸಿಕೊಳ್ಳುತ್ತ ತಾತನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾಮಿನಿಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ನಿಂತಳು. "ತಾತ ಕೇಳ್ತಿದ್ದಾರೆ," ಎಂದು ತಮಿಳಿನಲ್ಲಿ ಮೊದಲುಮಾಡಿ, "ಹೆಸರು ಬರೆದವರಿಗೆ ಹಣ ಕೈಗೆ ಮಾತ್ರ ಬರುತ್ತದೆಯೋ, ಅಥವಾ ಅವರದೇ ಆಗಿಬಿಡುತ್ತದೆಯೋ?" ಎಂದು ಕೇಳಿದಳು. ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಉತ್ತರಕ್ಕಾಗಿ ನನ್ನ ಮೇಜಿನ ಬಳಿಗೆ ಎದ್ದು ಬಂದರು.